ದಾನದ ಪುಟವನ್ನು ಕೊನೆಗೆ ಓದಿ: ದೂರಸಂಪರ್ಕ ಕಂಪನಿಯ ಹೊಣೆಗಾರಿಕೆಯನ್ನು ಅಳೆಯುವ ಬಗೆ

ಮುಂಬಯಿಯಲ್ಲಿ ಮಳೆ ಬಲಿಯುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಷೇರುದಾರರ ಇ-ಮೇಲಿಗೆ ಕಂಪನಿಗಳ ವಾರ್ಷಿಕ ವರದಿಗಳು ಒಂದರ ಹಿಂದೆ ಒಂದರಂತೆ ಬರತೊಡಗುತ್ತವೆ. ಡೊಂಬಿವಲಿ, ಮುಲುಂಡ್, ಚೆಂಬೂರು, ನೆರೂಳ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಬ್ಯಾಲೆನ್ಸ್ ಶೀಟನ್ನು ನಿದ್ದೆಗಣ್ಣಿನಲ್ಲೂ ಓದಬಲ್ಲ ಇವರು, ಹೊಣೆಗಾರಿಕೆಯ ವರದಿ ಎಂಬ ಭಾಗ ಬಂದೊಡನೆ ಅದನ್ನು ಜಾಹೀರಾತೆಂದು ಬಗೆದು ಪುಟ ಮಗುಚಿಬಿಡುತ್ತಾರೆ. ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ನಮ್ಮ ಹೌಸಿಂಗ್ ಸೊಸೈಟಿಯ ಟೆರೇಸಿನ ಮೇಲೆ ಮೊಬೈಲ್ ಟವರ್ ಬಂದು, ಅದರ ಬಾಡಿಗೆಯ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಿದ್ದ ಮೇಲೆಯೇ ಆ ಪುಟಗಳಲ್ಲಿ ಏನಿದೆ, ಏನಿಲ್ಲ ಎಂದು ನೋಡುವ ಕುತೂಹಲ ಹುಟ್ಟಿದ್ದು.

ಈ ಬರಹ ಮೂರು ಬಗೆಯ ಓದುಗರಿಗಾಗಿ: ದೂರಸಂಪರ್ಕ ಕಂಪನಿಯ ನಾಲ್ಕಾರು ಷೇರು ಇಟ್ಟುಕೊಂಡವರು, ರಾತ್ರಿಶಾಲೆಗೋ ವಾಚನಾಲಯಕ್ಕೋ ಕಂಪನಿಯ ನೆರವು ಸಿಗಬಹುದೆಂದು ಅರ್ಜಿ ಬರೆಯುವ ಕನ್ನಡ ಸಂಘಗಳ ಕಾರ್ಯದರ್ಶಿಗಳು, ಮತ್ತು ಟೆರೇಸನ್ನು ಟವರಿಗೆ ಬಾಡಿಗೆಗೆ ಕೊಟ್ಟ ಸೊಸೈಟಿಗಳ ಸಮಿತಿಯವರು. ಮುಂಬಯಿಯಲ್ಲಿ ಈ ಮೂರೂ ಪಾತ್ರಗಳನ್ನು ಒಬ್ಬರೇ ನಿರ್ವಹಿಸುವುದು ಅಪರೂಪವೇನಲ್ಲ. ಮೂವರಿಗೂ ನನ್ನ ಸಲಹೆ ಒಂದೇ. ಕಾನೂನಿನಂತೆ ಸಮಾಜದ ಕೆಲಸಕ್ಕೆ ಕೊಡಬೇಕಾದ, ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಕಂಪನಿ ಹೇಗೆ ಹಂಚಿತು ಎಂಬುದನ್ನು ಕೊನೆಗೆ ನೋಡಿ. ಉಳಿದ ತೊಂಬತ್ತೆಂಟನ್ನು ಹೇಗೆ ಗಳಿಸಿತು ಎಂಬುದನ್ನು ಮೊದಲು ನೋಡಿ.

ಯಾವ ಕಾಗದ, ಯಾರ ಲೆಕ್ಕ

ಬೇಕಾದ ಕಾಗದಗಳು ಎರಡೇ, ಮತ್ತು ಎರಡೂ ವಾರ್ಷಿಕ ವರದಿಯ ಒಳಗೇ ಇರುತ್ತವೆ. ಮೊದಲನೆಯದು ಬಿ.ಆರ್.ಎಸ್.ಆರ್. ಎಂದು ಕರೆಯುವ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2021ರ ಮೇ ತಿಂಗಳಲ್ಲಿ ಇದರ ನಮೂನೆಯನ್ನು ಪ್ರಕಟಿಸಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ 2022-23ರಿಂದ ಕಡ್ಡಾಯ ಮಾಡಿತು. ಎರಡನೆಯದು ನಿರ್ದೇಶಕ ಮಂಡಳಿಯ ವರದಿಗೆ ಅನುಬಂಧವಾಗಿ ಬರುವ ಸಿ.ಎಸ್.ಆರ್. (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವರದಿ, ಅಂದರೆ ಆ ಎರಡು ಶೇಕಡಾದ ಲೆಕ್ಕ. ಹಾರುವ ಹಕ್ಕಿ, ನಗುವ ಮಕ್ಕಳು, ಹಸಿರು ಎಲೆಗಳ ಚಿತ್ರವಿರುವ ಮೂರನೆಯದೊಂದು ಪುಸ್ತಿಕೆಯನ್ನು ಕೆಲವು ಕಂಪನಿಗಳು ಬೇರೆಯಾಗಿ ಹೊರತರುತ್ತವೆ. ಅದನ್ನು ಓದಿದರೆ ತಪ್ಪಿಲ್ಲ, ಆದರೆ ಅಲ್ಲಿರುವ ಯಾವ ಸಂಖ್ಯೆ ಮೊದಲ ಎರಡು ಕಾಗದಗಳಲ್ಲಿ ಕಾಣಿಸುವುದಿಲ್ಲವೋ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಿ.ಆರ್.ಎಸ್.ಆರ್. ಅನ್ನು ತೆರೆದೊಡನೆ ಪರಿಸರದ ಪುಟಕ್ಕೆ ಹಾರಬಾರದು. ಮೊದಲ ಭಾಗದಲ್ಲೇ, ವರದಿಯ ವ್ಯಾಪ್ತಿ ಕಂಪನಿಯೊಂದಕ್ಕೆ ಮಾತ್ರವೋ ಅಥವಾ ಅಂಗಸಂಸ್ಥೆಗಳನ್ನೂ ಸೇರಿಸಿಯೋ ಎಂದು ಒಂದು ಸಾಲಿನ ಉತ್ತರವಿರುತ್ತದೆ. ಬೇರೆ ಉದ್ಯಮಗಳಲ್ಲಿ ಸಣ್ಣದೆನಿಸುವ ಈ ಸಾಲು ದೂರಸಂಪರ್ಕದಲ್ಲಿ ಬಹಳ ದೊಡ್ಡದು, ಏಕೆಂದರೆ ನಿಮ್ಮ ಫೋನಿಗೆ ಸಿಗ್ನಲ್ ಕೊಡುವ ಕಂಪನಿಯೂ ಆ ಸಿಗ್ನಲ್ ಹೊರಡುವ ಟವರಿನ ಒಡೆಯನೂ ಹೆಚ್ಚಾಗಿ ಒಬ್ಬರೇ ಅಲ್ಲ. ಭಾರ್ತಿ, ವೊಡಾಫೋನ್, ಐಡಿಯಾ ಮೂವರೂ ಕೂಡಿ 2007ರಲ್ಲಿ ಕಟ್ಟಿದ ಇಂಡಸ್ ಟವರ್ಸ್ 2020ರಲ್ಲಿ ಭಾರ್ತಿ ಇನ್‌ಫ್ರಾಟೆಲ್ ಜೊತೆ ವಿಲೀನವಾಯಿತು. ಜಿಯೋದ ಟವರುಗಳನ್ನು ಹೊಂದಿದ್ದ ಕಂಪನಿ ಅದೇ ವರ್ಷ ಬ್ರೂಕ್‌ಫೀಲ್ಡ್ ಬೆಂಬಲದ ಮೂಲಸೌಕರ್ಯ ಟ್ರಸ್ಟೊಂದರ ಕೈಗೆ ಹೋಯಿತು. ಟವರಿನ ಬುಡದಲ್ಲಿ ನಿಂತಿರುವ ಜನರೇಟರ್ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಅದು ಉಗುಳುವ ಹೊಗೆ ಯಾರ ಖಾತೆಗೆ ಬರೆಯಲ್ಪಡುತ್ತದೆ ಎಂಬುದಷ್ಟೇ ಬದಲಾಯಿತು.

ಇದನ್ನು ಅರಿಯಲು ಸ್ಕೋಪ್ ಎಂಬ ಪದವನ್ನು ತಿಳಿದುಕೊಳ್ಳಬೇಕು. ಕಂಪನಿ ತಾನೇ ಸುಡುವ ಇಂಧನದ ಹೊಗೆ ಸ್ಕೋಪ್ 1. ತಾನು ಕೊಂಡ ವಿದ್ಯುತ್ತಿಗಾಗಿ ಬೇರೆಲ್ಲೋ ಸುಟ್ಟ ಕಲ್ಲಿದ್ದಲಿನ ಹೊಗೆ ಸ್ಕೋಪ್ 2. ತನ್ನ ವ್ಯವಹಾರಕ್ಕಾಗಿ ಇತರರು ಮಾಡುವ ಉಳಿದೆಲ್ಲ ಹೊಗೆ ಸ್ಕೋಪ್ 3. ಬಿ.ಆರ್.ಎಸ್.ಆರ್. ನಮೂನೆಯಲ್ಲಿ ಮೊದಲ ಎರಡು ಕಡ್ಡಾಯದ ಕೋಷ್ಟಕದಲ್ಲಿವೆ. ಮೂರನೆಯದು ಇಷ್ಟವಿದ್ದರೆ ತುಂಬಬಹುದಾದ, 'ನಾಯಕತ್ವ' ಎಂಬ ಭಾರಿ ಹೆಸರಿನ ಕೋಷ್ಟಕದಲ್ಲಿದೆ. ಟವರುಗಳನ್ನು ಮಾರಿ, ಅವನ್ನೇ ಬಾಡಿಗೆಗೆ ಹಿಡಿದ ಕಂಪನಿಯೊಂದರ ಡೀಸೆಲ್ ಹೊಗೆ ಕಡ್ಡಾಯದ ಕೋಷ್ಟಕದಿಂದ ಇಷ್ಟದ ಕೋಷ್ಟಕಕ್ಕೆ ಜಾರಬಹುದು. ಆಗ ಮುಂದಿನ ವರ್ಷದ ವರದಿಯಲ್ಲಿ ಸ್ಕೋಪ್ 1 ಇಳಿದಂತೆ ತೋರುತ್ತದೆ. ಹಾಗೆ ಮಾಡಿದವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ, ಲೆಕ್ಕದ ನಿಯಮವೇ ಹಾಗಿದೆ. ಇಳಿತ ಕಂಡಲ್ಲೆಲ್ಲ, ಆ ವರ್ಷ ಆಸ್ತಿಯೇನಾದರೂ ಕೈ ಬದಲಾಯಿಸಿತೇ ಎಂದು ಹಣಕಾಸಿನ ಟಿಪ್ಪಣಿಗಳಲ್ಲಿ ಹುಡುಕುವುದು ಓದುಗನ ಕೆಲಸ. ಕೈ ಬದಲಾಗಿದ್ದರೆ ಟವರ್ ಕಂಪನಿಯ ವರದಿಯನ್ನೂ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಕೂಡಿಸಿ ನೋಡಬೇಕು.

ವಿದ್ಯುತ್ತು ಮತ್ತು ಡೀಸೆಲ್

ದೂರಸಂಪರ್ಕ ಕಂಪನಿಯ ಪರಿಸರದ ಹೊರೆಯಲ್ಲಿ ಸಿಂಹಪಾಲು ವಿದ್ಯುತ್ತಿನದು ಮತ್ತು ಡೀಸೆಲಿನದು. ನೀರು, ಕಾಗದ, ಪ್ಲಾಸ್ಟಿಕ್ ಬಗ್ಗೆ ವರದಿಯಲ್ಲಿ ಎಷ್ಟೇ ಬರೆದಿರಲಿ, ಅವನ್ನು ಕಣ್ಣಾಡಿಸಿ ಮುಂದೆ ಸಾಗಬಹುದು. ಕಾಗದದ ಬಿಲ್ಲು ನಿಲ್ಲಿಸಿ ಮರ ಉಳಿಸಿದ ಕಥೆಗೆ ಒಂದು ಪುಟವೂ, ಸಾವಿರಾರು ಟವರುಗಳ ಡೀಸೆಲಿಗೆ ಒಂದು ಸಾಲೂ ಇರುವ ವರದಿ ಕೈಗೆ ಸಿಕ್ಕರೆ, ಬರೆದವರ ಮನಸ್ಸು ಎಲ್ಲಿದೆ ಎಂದು ಅಲ್ಲೇ ತಿಳಿಯುತ್ತದೆ.

ಶಕ್ತಿಯ ಕೋಷ್ಟಕದಲ್ಲಿ ಅಂಕಿಗಳು ಜೂಲ್‌ಗಳಲ್ಲಿ ಇರುವುದರಿಂದ ಅನೇಕರು ಅಲ್ಲೇ ಸೋಲುತ್ತಾರೆ. ನಮ್ಮ ಮನೆಯ ಬಿಲ್ಲಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್ ಎಂಬುದೊಂದನ್ನು ನೆನಪಿಟ್ಟರೆ ಸಾಕು. ಒಂದು ಗಿಗಾಜೂಲ್ ಸುಮಾರು 278 ಯೂನಿಟ್ ಆಗುತ್ತದೆ. ಹೊಗೆಯ ಲೆಕ್ಕಕ್ಕೆ ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆಂದೂ, ನಮ್ಮ ದೇಶದ ಗ್ರಿಡ್ಡಿನಿಂದ ಒಂದು ಯೂನಿಟ್ ಪಡೆದರೆ ಅದರ ಹಿಂದೆ ಸುಮಾರು 0.7 ಕಿಲೋ ಇರುತ್ತದೆಂದೂ ಹಿಡಿಯಿರಿ.

ಇದನ್ನು ನಿಮ್ಮ ಟೆರೇಸಿಗೇ ಅನ್ವಯಿಸಿ ನೋಡಿ. ಟವರಿನ ಉಪಕರಣಗಳು ಸದಾ 2 ಕಿಲೋವ್ಯಾಟ್ ಎಳೆಯುತ್ತವೆ ಎಂದುಕೊಂಡರೆ ವರ್ಷಕ್ಕೆ 17,520 ಯೂನಿಟ್, ಅಂದರೆ 12 ಟನ್ನಿಗೂ ಮಿಕ್ಕಿದ ಹೊಗೆ. ಜನರೇಟರ್ ದಿನಕ್ಕೆ 6 ಲೀಟರ್ ಡೀಸೆಲ್ ಕುಡಿಯುವ ಹಳ್ಳಿಯೊಂದರಲ್ಲಿ ವರ್ಷಕ್ಕೆ 2,190 ಲೀಟರ್, ಸುಮಾರು 5.9 ಟನ್. ಮುಂಬಯಿಯಲ್ಲಿ ಕರೆಂಟು ಹೋಗುವುದೇ ಅಪರೂಪವಾದ್ದರಿಂದ ಇಲ್ಲಿನ ಜನರೇಟರ್ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಗದ್ದಲ ಮಾಡುವ ಜನರೇಟರಿನ ಮೇಲೆ ಎಲ್ಲರೂ ರೇಗುತ್ತಾರೆ, ಸದ್ದಿಲ್ಲದೆ ಹರಿಯುವ ಕರೆಂಟಿನ ಮೇಲೆ ಯಾರೂ ರೇಗುವುದಿಲ್ಲ. ಆದರೆ ಲೆಕ್ಕದ ಪ್ರಕಾರ ನಮ್ಮ ನಗರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕರೆಂಟಿನದು, ಊರಿನ ಕಡೆಯ ಟವರಿಗೆ ಕೇಳಬೇಕಾದದ್ದು ಡೀಸೆಲಿನದು. ಮಂಗಳೂರಿನ ಘಟ್ಟದ ಬುಡದಲ್ಲೋ ಯಾದಗಿರಿಯ ಬಯಲಲ್ಲೋ ಇರುವ ನಿಮ್ಮ ಊರಿನ ಟವರ್ ಮಳೆಗಾಲದಲ್ಲಿ ಎಷ್ಟು ಹೊತ್ತು ಜನರೇಟರಿನ ಮೇಲೆ ನಡೆಯುತ್ತದೆ ಎಂದು ಫೋನು ಮಾಡಿ ವಿಚಾರಿಸಿದರೆ, ಎರಡು ಬಗೆಯ ಟವರುಗಳ ವ್ಯತ್ಯಾಸ ತಾನೇ ಮನದಟ್ಟಾಗುತ್ತದೆ.

ದೂರಸಂಪರ್ಕ ಇಲಾಖೆ 2012ರಲ್ಲೇ ಈ ಬಗ್ಗೆ ನಿರ್ದೇಶನ ಕೊಟ್ಟಿತ್ತು: 2015ರೊಳಗೆ ಗ್ರಾಮೀಣ ಟವರುಗಳಲ್ಲಿ ಅರ್ಧದಷ್ಟೂ ನಗರದವುಗಳಲ್ಲಿ ಶೇ. 20ರಷ್ಟೂ, 2020ರೊಳಗೆ ಕ್ರಮವಾಗಿ ಶೇ. 75 ಮತ್ತು ಶೇ. 33ರಷ್ಟೂ ಗ್ರಿಡ್ಡಿನೊಡನೆ ನವೀಕರಿಸಬಹುದಾದ ಶಕ್ತಿಯನ್ನೂ ಬಳಸುವಂತಾಗಬೇಕು ಎಂದು. ವರದಿಯಲ್ಲಿ ಸೌರ ಟವರುಗಳ ಸಂಖ್ಯೆ ಕೊಟ್ಟಿದ್ದರೆ ಒಟ್ಟು ಟವರುಗಳ ಸಂಖ್ಯೆಯಿಂದ ಭಾಗಿಸಿ ಈ ಶೇಕಡಾಗಳ ಪಕ್ಕದಲ್ಲಿ ಬರೆದುಕೊಳ್ಳಿ. ಸಂಖ್ಯೆ ಮಾತ್ರ ಕೊಟ್ಟು ಒಟ್ಟು ಎಷ್ಟರಲ್ಲಿ ಎಂದು ಹೇಳದಿದ್ದರೆ ಅದನ್ನೂ ಬರೆದುಕೊಳ್ಳಿ.

ನಗರದ ಟವರಿಗೆ ಸೌರಫಲಕ ಕೂರಿಸಲು ಜಾಗವಿಲ್ಲ ಎಂಬ ಉತ್ತರ ಬರುತ್ತದೆ, ಅದು ಬಹುಮಟ್ಟಿಗೆ ನಿಜವೂ ಹೌದು. ನಮ್ಮ ಟೆರೇಸಿನಲ್ಲಿ ನೀರಿನ ಟಾಂಕಿ, ಡಿಶ್ ಆಂಟೆನಾ, ಒಣಹಾಕಿದ ಹಪ್ಪಳಗಳ ನಡುವೆ ಇನ್ನು ಉಳಿದಿರುವುದೇ ಸ್ವಲ್ಪ. ಆದರೆ ಕಂಪನಿಯ ದೊಡ್ಡ ಬಳಕೆ ಸ್ವಿಚಿಂಗ್ ಕೇಂದ್ರಗಳಲ್ಲಿ, ಡೇಟಾ ಸೆಂಟರುಗಳಲ್ಲಿ ಇದೆ. 2022ರ ಹಸಿರು ಶಕ್ತಿಯ ಮುಕ್ತ ಪ್ರವೇಶ ನಿಯಮಗಳು 100 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಬಳಕೆದಾರರು ದೂರದ ಸೌರ ಅಥವಾ ಗಾಳಿ ವಿದ್ಯುತ್ತನ್ನು ನೇರವಾಗಿ ಕೊಳ್ಳಲು ದಾರಿ ಮಾಡಿಕೊಟ್ಟಿವೆ. ಒಂದೇ ವಿದ್ಯುತ್ ವಿಭಾಗದೊಳಗಿನ ಹಲವು ಸಂಪರ್ಕಗಳನ್ನು ಕೂಡಿಸಿಯೂ ಆ ಮಿತಿಯನ್ನು ತಲುಪಬಹುದು. ಆದ್ದರಿಂದ 'ಜಾಗವಿಲ್ಲ' ಎಂಬ ಮಾತನ್ನು ಟವರಿಗೆ ಒಪ್ಪಿಕೊಳ್ಳಿ, ಕಂಪನಿಗೆ ಒಪ್ಪಿಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ ಅನುಪಾತಗಳ ಬಗ್ಗೆ. ಒಂದು ರೂಪಾಯಿ ವಹಿವಾಟಿಗೆ ಎಷ್ಟು ಶಕ್ತಿ ಬಳಸಿದೆ ಎಂಬ ಅಂಕಿಯನ್ನು ನಮೂನೆ ಕೇಳುತ್ತದೆ, ಕಂಪನಿಗಳು ಅದು ಇಳಿದುದನ್ನು ಸಂತೋಷದಿಂದ ತೋರಿಸುತ್ತವೆ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ರೀಚಾರ್ಜ್ ದರ ಏರಿಸಿದವು. ಒಂದು ಯೂನಿಟ್ ವಿದ್ಯುತ್ತನ್ನೂ ಉಳಿಸದೆ ವಹಿವಾಟು ಮಾತ್ರ ಶೇ. 15 ಏರಿದರೆ ಈ ಅನುಪಾತ ತಾನಾಗಿಯೇ ಶೇ. 13ರಷ್ಟು ಇಳಿಯುತ್ತದೆ. ನೀವು ರೀಚಾರ್ಜಿಗೆ ಹೆಚ್ಚು ತೆತ್ತದ್ದು ಅವರ ಪುಟದಲ್ಲಿ ಪರಿಸರ ಸಂರಕ್ಷಣೆಯಾಗಿ ಕಾಣಿಸಿಕೊಳ್ಳುವುದು ಹೀಗೆ. ಒಂದು ಜಿ.ಬಿ. ಡೇಟಾಗೆ ಎಷ್ಟು ಶಕ್ತಿ ಎಂಬ ಅನುಪಾತ ತುಸು ಮೇಲಾದರೂ, ಜನ ನೋಡುವ ವಿಡಿಯೋ ವರ್ಷವರ್ಷ ಹೆಚ್ಚುತ್ತಿರುವ ತನಕ ಅದೂ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಎರಡು ವರ್ಷಗಳ ಒಟ್ಟು ಬಳಕೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಅನುಪಾತವನ್ನು ನಂಬಬೇಡಿ.

ಹಳೆಯ ಡಬ್ಬಿಗಳು, ಹಳೆಯ ಬ್ಯಾಟರಿಗಳು

ತ್ಯಾಜ್ಯದ ಕೋಷ್ಟಕದಲ್ಲಿ ನೋಡಬೇಕಾದ ಸಾಲುಗಳು ಎರಡು: ಇ-ತ್ಯಾಜ್ಯ ಮತ್ತು ಬ್ಯಾಟರಿ. ಫೋನುಗಳು ನಮ್ಮವೇ ಆದರೂ ಮನೆಗೆ ಕೊಟ್ಟ ರೌಟರ್, ಮೋಡೆಮ್, ಸೆಟ್-ಟಾಪ್ ಬಾಕ್ಸುಗಳು, ಟವರಿನ ಬುಡದ ಬ್ಯಾಟರಿಗಳ ಸಾಲು, ಹೊಸ ತಂತ್ರಜ್ಞಾನ ಬಂದಾಗ ಕಳಚಿದ ಹಳೆಯ ಉಪಕರಣಗಳು ಕಂಪನಿಗಳ ಕಡೆಯ ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮತ್ತು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಇವೆಲ್ಲ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಕೋಷ್ಟಕದಲ್ಲಿ ಉತ್ಪತ್ತಿಯಾದ ತೂಕವೂ ಮರುಬಳಕೆಗೆ ಹೋದ ತೂಕವೂ ಬೇರೆಬೇರೆಯಾಗಿ ಇರುತ್ತವೆ. ಎರಡರ ನಡುವಿನ ಅಂತರ ಗೋದಾಮಿನಲ್ಲಿದೆಯೋ ಬೇರೆಲ್ಲಿಗೆ ಹೋಯಿತೋ ಎಂದು ಕೇಳಬಹುದು. ಕುರ್ಲಾ, ಸಾಕಿನಾಕಾ, ಧಾರಾವಿಗಳ ಓಣಿಗಳಲ್ಲಿ ಕೈಯಿಂದಲೇ ಬೋರ್ಡು ಬಿಚ್ಚಿ ತಾಮ್ರ ತೆಗೆಯುವವರನ್ನು ಕಂಡವರಿಗೆ ಆ ಅಂತರದ ಅರ್ಥ ಹೇಳಬೇಕಾಗಿಲ್ಲ. ನಾವೂ ಇದರಲ್ಲಿ ಶುದ್ಧರಲ್ಲ. ನಮ್ಮ ಸೊಸೈಟಿಯ ಮೀಟರ್ ಕೋಣೆಯಲ್ಲಿ ಬಿದ್ದಿದ್ದ ಹಳೆಯ ರೌಟರುಗಳನ್ನು ಒಂದು ದೀಪಾವಳಿಗೆ ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ತೂಕಕ್ಕೆ ಹಾಕಿದ್ದು ನಾವೇ.

ಟವರ್ ಹತ್ತುವವರು ಯಾರ ನೌಕರರು

ವರದಿಯಲ್ಲಿ ನಾನು ಅತ್ಯಂತ ಹೆಚ್ಚು ಹೊತ್ತು ಕಳೆಯುವುದು ಜನರ ಪುಟಗಳಲ್ಲಿ, ಏಕೆಂದರೆ ಅಲ್ಲಿ ಸಂಖ್ಯೆಗಳಿಗಿಂತ ಖಾಲಿ ಜಾಗಗಳೇ ಹೆಚ್ಚು ಮಾತಾಡುತ್ತವೆ. ಮೊದಲ ಭಾಗದಲ್ಲಿ ಉದ್ಯೋಗಿಗಳು ಮತ್ತು ಕಾರ್ಮಿಕರು ಎಂದು ಎರಡು ಗುಂಪು, ಪ್ರತಿಯೊಂದರಲ್ಲೂ ಕಾಯಂ ಮತ್ತು ಕಾಯಂ ಅಲ್ಲದವರು ಎಂಬ ವಿಂಗಡಣೆ ಇರುತ್ತದೆ. ಕಾರ್ಮಿಕರ ಸಾಲುಗಳಲ್ಲಿ 'ಅನ್ವಯವಿಲ್ಲ' ಎಂದು ಬರೆದಿರುವುದು ಕಂಡರೆ ಅಲ್ಲಿ ಬೆರಳಿಟ್ಟು ನಿಲ್ಲಿ. ಕೇಬಲ್ ಎಳೆಯಲು ರಸ್ತೆ ಅಗೆದವರು, ಮನೆಗೆ ಬಂದು ಫೈಬರ್ ಜೋಡಿಸಿದವರು, ಬಣ್ಣದ ಛತ್ರಿಯ ಕೆಳಗೆ ಕುಳಿತು ಸಿಮ್ ಮಾರಿದವರು, ಟವರ್ ಹತ್ತಿದವರು ಇವರೆಲ್ಲ ಹಾಗಾದರೆ ಯಾರು? ಅವರು ಗುತ್ತಿಗೆದಾರನ ಗುತ್ತಿಗೆದಾರನ ಕೈಕೆಳಗಿನವರು. ವರದಿಯ ಬಾಗಿಲಿನ ಹೊರಗೆ ನಿಂತವರು.

ಒಂದು ಮಳೆಗಾಲದ ಬೆಳಿಗ್ಗೆ ನಮ್ಮ ಟೆರೇಸಿಗೆ ದುರಸ್ತಿಗೆಂದು ಇಬ್ಬರು ಹುಡುಗರು ಬಂದರು. ಬೀಗದ ಕೈ ಕೊಡಲು ಹೋದವನಿಗೆ ಅವರ ಮಾತಿನಿಂದ ಕಲಬುರಗಿ ಕಡೆಯವರೆಂದು ತಿಳಿಯಿತು. ಒಬ್ಬ ಆಗಲೇ ಚಪ್ಪಲಿ ಕಳಚಿ ಏಣಿಗೆ ಕೈ ಹಚ್ಚಿದ್ದ. "ಬೆಲ್ಟ್ ಎಲ್ಲಪ್ಪಾ?" ಎಂದು ಕೇಳಿದೆ. "ಒಂದ ಬೆಲ್ಟ್ ಐತ್ರೀ ಕಾಕಾ, ಅದು ಇನ್ನೊಂದು ಸೈಟಿಗೆ ಹೋಗೇತಿ" ಎಂದ. ಆ ಬೆಲ್ಟ್ ಬರುವ ತನಕ ಹತ್ತಬೇಡಿ ಎಂದು ಕೆಳಗೆ ಕೂರಿಸಿ ಚಹಾ ಕೊಟ್ಟೆವು. ಮಧ್ಯಾಹ್ನ ಎರಡು ಗಂಟೆಗೆ ಬೆಲ್ಟ್ ಬಂತು. ಆ ವರ್ಷ ಆ ಕಂಪನಿಯ ವರದಿಯಲ್ಲಿ ಸುರಕ್ಷತೆಯ ಬಗ್ಗೆ ಎರಡು ಪುಟಗಳ ಒಳ್ಳೆಯ ಗದ್ಯವಿತ್ತು.

ಆದ್ದರಿಂದ ಬಿ.ಆರ್.ಎಸ್.ಆರ್. ನಮೂನೆಯಲ್ಲಿ ಮೂರನೆಯ ತತ್ತ್ವ ಎಂಬ ತಲೆಬರಹದ ಕೆಳಗೆ ಬರುವ ಸುರಕ್ಷತೆಯ ಕೋಷ್ಟಕವನ್ನು ತೆರೆದು ಸಾವುಗಳ ಸಾಲು, ತೀವ್ರ ಗಾಯಗಳ ಸಾಲು ಎರಡನ್ನೂ ನೋಡಿ. ಕಾರ್ಮಿಕರ ಅಂಕಣದಲ್ಲಿ ಗುತ್ತಿಗೆಯವರು ಸೇರಿದ್ದಾರೆಯೇ ಎಂದು ಅಡಿಟಿಪ್ಪಣಿಯಲ್ಲಿ ಹುಡುಕಿ. ಸಾವುಗಳ ಸಂಖ್ಯೆಯನ್ನು ಮುಚ್ಚಿಡದೆ ಹೇಳಿದ ಕಂಪನಿಯನ್ನು, ಸೊನ್ನೆ ಎಂದು ಬರೆದು ಯಾರನ್ನು ಎಣಿಸಿದೆವೆಂದು ಹೇಳದ ಕಂಪನಿಗಿಂತ ನಾನು ಮೇಲಿನದೆಂದು ಎಣಿಸುತ್ತೇನೆ. ಇದು ಕೆಲವರಿಗೆ ವಿಚಿತ್ರವೆನಿಸಬಹುದು.

ಕಾನೂನಿನ ಕೆಲಸವನ್ನು ಪುಣ್ಯದ ಖಾತೆಗೆ ಬರೆಯುವುದು

ಪೆನ್ಸಿಲ್ ಹಿಡಿದು ಓದಿದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾನೂನು ಹೇಗೂ ಮಾಡಿಸುವ ಕೆಲಸವನ್ನು ಸ್ವಇಚ್ಛೆಯ ಹೊಣೆಗಾರಿಕೆಯಂತೆ ಬಣ್ಣಿಸಿದ ಸಾಲುಗಳನ್ನು ಗೀಚಿ ಬಿಡಿ. ಟವರಿನ ವಿಕಿರಣ ಇದಕ್ಕೆ ಒಳ್ಳೆಯ ಉದಾಹರಣೆ. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೆಯ ಒಂದು ಭಾಗ. 1800 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 9 ವ್ಯಾಟ್ ಬದಲು 0.9 ವ್ಯಾಟ್. ಅದನ್ನು ಪಾಲಿಸುವುದು ಔದಾರ್ಯವಲ್ಲ. ಸಂಶಯವಿದ್ದವರು ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ತರಂಗ್ ಸಂಚಾರ್ ಜಾಲತಾಣದಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ಗ್ರಾಮೀಣ ಸಂಪರ್ಕಕ್ಕೆಂದು ಸರಕಾರದ ನಿಧಿಗೆ ಕಟ್ಟುವ ಪಾಲು, ಉಪದ್ರವದ ಕರೆಗಳ ತಡೆ ಇವೂ ಇದೇ ಜಾತಿಯವು.

ಈಗ ದಾನದ ಪುಟ

2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದನ್ನು ಮುಟ್ಟಿದರೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಖರ್ಚು ಮಾಡಬೇಕು. ಮೂರು ವರ್ಷಗಳ ಲಾಭ 900, 1,200, 1,500 ಕೋಟಿ ಆಗಿದ್ದರೆ ಸರಾಸರಿ 1,200, ಬಾಧ್ಯತೆ 24 ಕೋಟಿ. ಸರಾಸರಿಯೇ ನಷ್ಟವಾದರೆ ಬಾಧ್ಯತೆ ಸೊನ್ನೆ. 2016ರಲ್ಲಿ ಜಿಯೋ ಬಂದ ಮೇಲಿನ ದರಸಮರ, 2019ರ ಅಕ್ಟೋಬರಿನಲ್ಲಿ ಸರಕಾರಕ್ಕೆ ಕಟ್ಟುವ ಶುಲ್ಕದ ಲೆಕ್ಕಕ್ಕೆ ಹಿಡಿಯುವ ಆದಾಯದ ವ್ಯಾಖ್ಯೆಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇವೆರಡರ ಏಟಿನಿಂದ ಈ ಉದ್ಯಮದಲ್ಲಿ ನಷ್ಟದ ವರ್ಷಗಳು ಸಾಕಷ್ಟಿವೆ. ಆದ್ದರಿಂದ ಸೊನ್ನೆ ಕಂಡೊಡನೆ ಜಿಪುಣರೆಂದು ತೀರ್ಮಾನಿಸಬೇಡಿ. ದೊಡ್ಡ ಮೊತ್ತ ಕಂಡೊಡನೆ ಧರ್ಮಾತ್ಮರೆಂದೂ ತೀರ್ಮಾನಿಸಬೇಡಿ, ಅದು ಲಾಭದ ಗುಣಾಕಾರ ಮಾತ್ರ.

ನೋಡಬೇಕಾದದ್ದು ಖರ್ಚಾಗದೆ ಉಳಿದ ಹಣ. ನಡೆಯುತ್ತಿರುವ ಯೋಜನೆಯದಾದರೆ ವರ್ಷ ಮುಗಿದ 30 ದಿನಗಳೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿ ಮೂರು ಆರ್ಥಿಕ ವರ್ಷಗಳಲ್ಲಿ ಖರ್ಚು ಮಾಡಬೇಕು, ಅಲ್ಲದಿದ್ದರೆ ಆರು ತಿಂಗಳೊಳಗೆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಹೆಸರಿಸಿದ ನಿಧಿಯೊಂದಕ್ಕೆ ಕಟ್ಟಬೇಕು. ಆಡಳಿತದ ಖರ್ಚು ಶೇ. 5ನ್ನು ಮೀರಬಾರದು. ಬಾಧ್ಯತೆಯ ಸರಾಸರಿ 10 ಕೋಟಿ ಮತ್ತು ಮೇಲಿದ್ದ ಕಂಪನಿ, 1 ಕೋಟಿ ಮತ್ತು ಮೇಲಿನ ಯೋಜನೆ ಮುಗಿದು ವರ್ಷ ಕಳೆದ ಮೇಲೆ, ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು. ಆ ಅಧ್ಯಯನವನ್ನು ಓದುವವರು ಬಹಳ ಕಡಿಮೆ, ಆದರೆ ಫೋಟೋಗಳಿಗಿಂತ ಅದರಲ್ಲಿ ಸತ್ಯ ಹೆಚ್ಚು.

ಸಂಘಗಳು ಅರ್ಜಿ ಹಾಕುವುದಾದರೆ

ನಮ್ಮ ಸಂಘಗಳು ಎಡವುವುದು ಹೆಚ್ಚಾಗಿ ಕಾಗದದಲ್ಲಿ, ಕೆಲಸದಲ್ಲಿ ಅಲ್ಲ. ಕಂಪನಿಯ ಹಣ ಪಡೆಯಲು ಸಂಸ್ಥೆಗೆ ಆದಾಯ ತೆರಿಗೆಯಲ್ಲಿ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ರಿಯಾಯಿತಿ) ಎಂದೇ ಪರಿಚಿತವಾದ ನೋಂದಣಿ, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ, ಮತ್ತು 2021ರ ಏಪ್ರಿಲಿನಿಂದ ಸಿ.ಎಸ್.ಆರ್.-1 ನಮೂನೆಯ ನೋಂದಣಿ ಸಂಖ್ಯೆ ಬೇಕು. ಆ ನಮೂನೆಗೆ ಲೆಕ್ಕಪರಿಶೋಧಕರ ಇಲ್ಲವೇ ಕಂಪನಿ ಸೆಕ್ರೆಟರಿಯಂಥವರ ದೃಢೀಕರಣವೂ ಆಗಬೇಕು. ಇವೆಲ್ಲಕ್ಕೆ ಮೊದಲು ಚಾರಿಟಿ ಕಮಿಷನರ್ ಕಚೇರಿಯಲ್ಲಿ ನಿಮ್ಮ ಟ್ರಸ್ಟಿಗಳ ಹೆಸರು ಇಂದಿನವರದೇ ಇದೆಯೇ ನೋಡಿ. ತೀರಿಕೊಂಡ ಹಿರಿಯರ ಹೆಸರೇ ಇನ್ನೂ ದಾಖಲೆಯಲ್ಲಿದ್ದು, ಚೇಂಜ್ ರಿಪೋರ್ಟ್ ಹಾಕದೆ ವರ್ಷಗಟ್ಟಲೆ ಕಳೆದ ಸಂಘಗಳು ನಮ್ಮಲ್ಲಿ ಒಂದೆರಡಲ್ಲ.

ಏನನ್ನು ಕೇಳಬಾರದು ಎಂಬುದೂ ಮುಖ್ಯ. ಯಕ್ಷಗಾನದ ಒಂದು ರಾತ್ರಿ, ವಾರ್ಷಿಕೋತ್ಸವ, ಪ್ರಶಸ್ತಿ ಪ್ರದಾನ, ಸ್ಮರಣ ಸಂಚಿಕೆಯ ಜಾಹೀರಾತು ಇವು ಸಿ.ಎಸ್.ಆರ್. ಆಗುವುದಿಲ್ಲ, ಒಂದೇ ಸಲದ ಕಾರ್ಯಕ್ರಮಗಳೂ ಪ್ರಾಯೋಜಕತ್ವವೂ ಲೆಕ್ಕಕ್ಕೆ ಬಾರವೆಂದು ಸರಕಾರ 2014ರಲ್ಲೇ ಸ್ಪಷ್ಟಪಡಿಸಿದೆ. ಅದಕ್ಕೆ ಕಂಪನಿಯ ಮಾರಾಟ ವಿಭಾಗದ ಬಾಗಿಲು ತಟ್ಟಬೇಕು. ಕಂಪನಿ ತನ್ನ ಸಿಮ್ಮನ್ನೂ ಡೇಟಾ ಪ್ಯಾಕನ್ನೂ ಮಕ್ಕಳಿಗೆ ಹಂಚಲು ನಿಮ್ಮ ಶಾಲೆಯನ್ನು ಬಳಸಿಕೊಳ್ಳಲು ಬಂದರೆ ವಿನಯದಿಂದ ಬೇಡವೆನ್ನಿ, ಅದು ವ್ಯಾಪಾರ. ಇಪ್ಪತ್ತು ಕಂಪ್ಯೂಟರುಗಳನ್ನು ಕೇಳುವ ಬದಲು ಒಬ್ಬ ಶಿಕ್ಷಕರ ಮೂರು ವರ್ಷದ ಸಂಬಳವನ್ನು ಕೇಳಿ. ಯಂತ್ರಗಳು ಕಪಾಟಿನಲ್ಲಿ ಧೂಳು ತಿನ್ನುವುದನ್ನು ನಾನು ಕಂಡಿದ್ದೇನೆ, ಶಿಕ್ಷಕರು ಧೂಳು ತಿನ್ನುವುದಿಲ್ಲ. ಹೋಟೆಲ್ ಕೆಲಸದ ಹುಡುಗರಿಗಾಗಿ ರಾತ್ರಿಶಾಲೆ ನಡೆಸಿದ ಪರಂಪರೆ ಇರುವ ಸಂಘಗಳು ಇಂದು ಹಿರಿಯರಿಗೆ ಕನ್ನಡ, ತುಳುವಿನಲ್ಲಿ ಫೋನಿನ ಮೋಸಗಳ ಪಾಠ ಹೇಳಿದರೆ ಅದಕ್ಕೆ ಬೇಡಿಕೆಯಿದೆ. ಒ.ಟಿ.ಪಿ. ಕೇಳುವವರು, ಪೊಲೀಸರೆಂದು ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರು, ಹಣ ಹೋದೊಡನೆ ಕರೆ ಮಾಡಬೇಕಾದ 1930 ಇವನ್ನು ತಮ್ಮ ಮಾತಿನಲ್ಲೇ ಕೇಳಿದಾಗ ಅಜ್ಜಿಯಂದಿರಿಗೆ ನೆನಪಿರುತ್ತದೆ.

ಕಂಪನಿಯ ಮುಂದಿನ ವರ್ಷದ ಸಿ.ಎಸ್.ಆರ್. ಕ್ರಿಯಾಯೋಜನೆ ಅದರ ನಿರ್ದೇಶಕ ಮಂಡಳಿಯ ಮುಂದೆ ಹೋಗುವ ಮುನ್ನ, ಅಂದರೆ ಚಳಿಗಾಲದಲ್ಲೇ, ಪ್ರಸ್ತಾವ ಕೈಸೇರಿದರೆ ಒಳ್ಳೆಯದು. ಮಾರ್ಚಿನ ಕೊನೆಯ ವಾರದಲ್ಲಿ ಗಡಿಬಿಡಿಯಿಂದ ಕೊಟ್ಟ ಹಣ ಗಡಿಬಿಡಿಯ ಲೆಕ್ಕವನ್ನೂ ಬೇಡುತ್ತದೆ. ಮಕ್ಕಳ ಫೋಟೋಗಳನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂಬ ಸಾಲನ್ನು ಒಪ್ಪಂದದಲ್ಲಿ ನೀವೇ ಸೇರಿಸಿ. ಕಂಪನಿಯವರು ಸೇರಿಸುತ್ತಾರೆಂದು ಕಾಯಬೇಡಿ.

ಸಭೆಯಲ್ಲಿ ಮಾತು, ಕರಾರಿನಲ್ಲಿ ಕಲಮು

ಒಂದೇ ಷೇರು ಇದ್ದವರಿಗೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಸಭೆಗಳು ಬಹುಪಾಲು ಈಗ ವಿಡಿಯೋ ಮೂಲಕ ನಡೆಯುತ್ತವೆ. ಮಾತನಾಡಬೇಕಾದವರು ನೋಟಿಸಿನಲ್ಲಿ ಹೇಳಿದ ದಿನದೊಳಗೆ ಡಿಮ್ಯಾಟ್ ಸಂಖ್ಯೆಯೊಡನೆ ಹೆಸರು ನೋಂದಾಯಿಸಬೇಕು. ಎರಡು ಮೂರು ನಿಮಿಷ ಮಾತ್ರ ಸಿಗುತ್ತದೆ. ಅಧ್ಯಕ್ಷರನ್ನು ಹೊಗಳುವುದರಲ್ಲಿ ಅದನ್ನು ಕಳೆಯುವ ಹಿರಿಯರು ಪ್ರತಿ ಸಭೆಯಲ್ಲೂ ಇರುತ್ತಾರೆ. ನೀವು ಪುಟಸಂಖ್ಯೆ ಹೇಳಿ ಒಂದೇ ಅಂಕಿಯನ್ನು ಕೇಳಿ. "ಇಂಥ ಪುಟದಲ್ಲಿ ಸ್ಕೋಪ್ 1 ಇಳಿದಿದೆ, ಬಾಡಿಗೆ ಟವರುಗಳಲ್ಲಿ ನಮ್ಮ ಉಪಕರಣಗಳಿಗಾಗಿ ಸುಟ್ಟ ಡೀಸೆಲ್ ಎಷ್ಟು ಲೀಟರ್, ಅದು ಯಾವ ಕೋಷ್ಟಕದಲ್ಲಿದೆ?" ಎಂದು ಕೇಳಿದರೆ ನುಣುಚಿಕೊಳ್ಳುವುದು ಕಷ್ಟ. "ಪರಿಸರಕ್ಕಾಗಿ ಏನು ಮಾಡುತ್ತಿದ್ದೀರಿ?" ಎಂದು ಕೇಳಿದರೆ ಗಿಡ ನೆಟ್ಟ ಕಥೆ ಬರುತ್ತದೆ. ಉತ್ತರ ಇ-ಮೇಲಿನಲ್ಲಿ ಕಳಿಸುತ್ತೇವೆ ಎಂದರೆ ಹತ್ತು ದಿನ ಕಾದು ನೆನಪಿಸಿ.

ಸೊಸೈಟಿಗಳ ಕೈಯಲ್ಲಿ ಇದಕ್ಕಿಂತ ಹರಿತವಾದ ಸಾಧನವಿದೆ. ಟವರಿನ ಕರಾರು ನವೀಕರಣಕ್ಕೆ ಬರುವ ತಿಂಗಳಲ್ಲಿ ಕಂಪನಿ ನಮ್ಮ ಮಾತು ಕೇಳುತ್ತದೆ, ಆಮೇಲೆ ಕೇಳುವುದಿಲ್ಲ. ಬಾಡಿಗೆ ಎಷ್ಟು ಹೆಚ್ಚಿಸಬೇಕೆಂದು ಸರ್ವಸಾಧಾರಣ ಸಭೆಯಲ್ಲಿ ಎರಡು ಗಂಟೆ ಜಗಳಾಡುವವರು ಐದು ನಿಮಿಷ ಇದಕ್ಕೂ ಕೊಡಲಿ. ಜನರೇಟರಿನ ಸದ್ದು 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದೆಂಬುದು ನಿಯಮವೇ ಆಗಿದ್ದರೂ ಕರಾರಿನಲ್ಲಿ ಬರೆಸಿ. ತಿಂಗಳಿಗೆ ಎಷ್ಟು ಲೀಟರ್ ಡೀಸೆಲ್ ಬಂತೆಂಬುದನ್ನು ಕಾವಲುಗಾರನ ಪುಸ್ತಕದಲ್ಲಿ ಗುತ್ತಿಗೆದಾರ ಸಹಿ ಹಾಕಿ ಬರೆಯಬೇಕು. ಕಳಚಿದ ಬ್ಯಾಟರಿ ಮತ್ತು ಉಪಕರಣಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿದ ರಸೀದಿಯ ಪ್ರತಿ ಸೊಸೈಟಿಗೆ ಬರಬೇಕು. ಬೆಲ್ಟ್ ಮತ್ತು ಹೆಲ್ಮೆಟ್ ಇಲ್ಲದೆ ಬಂದವರಿಗೆ ಟೆರೇಸಿನ ಬೀಗದ ಕೈ ಕೊಡುವುದಿಲ್ಲ, ಅದರಿಂದ ಸಿಗ್ನಲ್ ನಿಂತರೆ ಸೊಸೈಟಿ ಹೊಣೆಯಲ್ಲ ಎಂಬ ಕಲಮನ್ನು ನಾವು ಹೋದ ಸಲದ ನವೀಕರಣದಲ್ಲಿ ಹಾಕಿಸಿದೆವು. ಕಂಪನಿಯ ವಕೀಲರು ಅದನ್ನು ಎರಡು ಸಲ ತೆಗೆದು ಕಳಿಸಿದರು, ನಾವು ಎರಡು ಸಲ ಸೇರಿಸಿ ಕಳಿಸಿದೆವು. ಈಗ ಬರುವ ಹುಡುಗರು ಎರಡು ಬೆಲ್ಟ್ ತರುತ್ತಾರೆ.